ಶಾಸನಚಿತ್ರಗಳೂ ಹೈಬ್ರಿಡ್ ಡಿಸ್ಕೂ
ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಅನೇಕ ಶಾಸನಗಳು ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚಾದುವಷ್ಟೆ. ಆ ಪಾಠಗಳನ್ನು ಕಲ್ಲಿನೊಡನೆ ಹೋಲಿಸಲು ಲ್ಯಾಪ್‌ಟಾಪಿನಲ್ಲಿ ಛಾಯಾಚಿತ್ರಗಳನ್ನು ಒಯ್ಯುವವರು ಹೈಬ್ರಿಡ್ ಡಿಸ್ಕಿನ ಗುಣದೋಷಗಳನ್ನು ಅರಿತಿರಬೇಕು.

ಇದರಲ್ಲಿ ತಿರುಗುವ ಕಾಂತಫಲಕದೊಡನೆ ಅಲ್ಪ ಫ್ಲ್ಯಾಶ್ ಮೆಮೊರಿಯೂ ಉಂಟು. ಸೀಗೇಟ್ ಸಂಸ್ಥೆಯು 2010ರಲ್ಲಿ ಹೊರತಂದ ಮೊಮೆಂಟಸ್ ಎಕ್ಸ್‌ಟಿಯಲ್ಲಿ ಅದು 4 ಗಿಗಾಬೈಟ್ ಮಾತ್ರ. ಪದೇ ಪದೇ ಓದುವ ಅಂಶದ ಪ್ರತಿಯು ಅಲ್ಲಿ ನಿಲ್ಲುತ್ತದೆ. ಆದಕಾರಣ ನಿತ್ಯ ತೆರೆಯುವ ನಿಘಂಟು ಶೀಘ್ರವಾಗಿ ದೊರೆಯುವುದು. ಎಂದೋ ಒಮ್ಮೆ ನೋಡುವ ಶಾಸನಚಿತ್ರವು ಫಲಕದ ವೇಗದಲ್ಲಿಯೇ ಬರುವುದು. ಒಂದೇ ಚಿತ್ರವನ್ನು ಹಲವು ಸಲ ತೆರೆದು ಮಾಡಿದ ಪರೀಕ್ಷೆಯು ಈ ಭೇದವನ್ನು ಮರೆಸುತ್ತದೆ. ಹಿಂದೆ ತೆರೆಯದ ಚಿತ್ರದಿಂದಲೂ ಅಳೆಯತಕ್ಕದ್ದು.

ಪೆಟ್ಟು ಬಿದ್ದರೆ ಫಲಕವು ಕೆಡುವ ಭಯವು ಇಲ್ಲಿಯೂ ತಪ್ಪಿಲ್ಲ. ಕಲ್ಲು ಸವೆದುಹೋದೆಡೆಯಲ್ಲಿ ಚಿತ್ರವೇ ಸಾಕ್ಷಿ. ಅದರ ಇನ್ನೊಂದು ಪ್ರತಿಯು ಬೇರೆಡೆ ಇರಲೇಬೇಕು.