ಕಾರಿನೊಳಗೆ ಜಿಪಿಎಸ್ ತಡವರಿಸುವುದೇಕೆ? ದೋಷ ಫೋನಿನದೋ, ಗಾಜಿನದೋ, ನಕ್ಷೆಯದೋ?

ಬೆಂಗಳೂರು: ಮೇಲ್ಸೇತುವೆ ಹತ್ತಬೇಕೋ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಮುಂದುವರಿಯಬೇಕೋ ಎಂದು ಚಾಲಕ ನಿರ್ಧರಿಸಬೇಕಾದ ಕ್ಷಣದಲ್ಲೇ ಮೊಬೈಲ್ ತೆರೆಯ ಮೇಲಿನ ನೀಲಿ ಚುಕ್ಕೆ ಸ್ತಬ್ಧವಾಗುತ್ತದೆ. ಸೇತುವೆ ದಾಟಿಹೋದ ಮೇಲೆ ಅದು ಎಚ್ಚೆತ್ತು, 'ಯು ಟರ್ನ್ ತೆಗೆದುಕೊಳ್ಳಿ' ಎನ್ನುತ್ತದೆ. ರಾಜ್ಯದ ಯಾವ ನಗರದಲ್ಲಿ ಕಾರು ಓಡಿಸುವವರಿಗೂ ಇದು ಹೊಸ ಅನುಭವವಲ್ಲ. ಸಾಮಾನ್ಯವಾಗಿ ಎಲ್ಲರೂ ದೂರುವುದು ಫೋನನ್ನು. ಆದರೆ ಅದೇ ಫೋನು ಬಯಲಿನಲ್ಲಿ ಕೈಯಲ್ಲಿ ಹಿಡಿದಾಗ ಸರಿಯಾಗಿಯೇ ಸ್ಥಳ ತೋರಿಸುತ್ತದೆ. ಹಾಗಿದ್ದರೆ ಕಾರಿನೊಳಗೆ ನಡೆಯುವುದಾದರೂ ಏನು?

ಒಂದೇ ದೂರು, ಮೂರು ಕಾರಣ

'ಜಿಪಿಎಸ್ ಕೈಕೊಟ್ಟಿತು' ಎಂಬ ಒಂದೇ ಮಾತಿನಲ್ಲಿ ಜನರು ಮೂರು ಬೇರೆ ಬೇರೆ ತೊಂದರೆಗಳನ್ನು ಹೇಳುತ್ತಾರೆ. ಮೊದಲನೆಯದು, ಉಪಗ್ರಹದ ಸಂಕೇತ ಫೋನಿಗೆ ಸರಿಯಾಗಿ ತಲುಪದಿರುವುದು. ಎರಡನೆಯದು, ಇಂಟರ್‌ನೆಟ್ ಸಂಪರ್ಕ ಕಡಿದು ನಕ್ಷೆಯ ಚಿತ್ರ ಮೂಡದಿರುವುದು. ಮೂರನೆಯದು, ಸ್ಥಳ ಸರಿಯಾಗಿದ್ದರೂ ನಕ್ಷೆಯಲ್ಲಿನ ಮಾಹಿತಿಯೇ ತಪ್ಪಾಗಿರುವುದು.

ಈ ವ್ಯತ್ಯಾಸ ಅರಿಯದಿದ್ದರೆ ಪರಿಣಾಮ ಗಂಭೀರವಾದೀತು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಸಮೀಪ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಕೆಳಗುರುಳಿ ಮೂವರು ಮೃತಪಟ್ಟರು. ಅವರು ಮೊಬೈಲ್ ನಕ್ಷೆಯ ಸೂಚನೆಯಂತೆ ಸಾಗುತ್ತಿದ್ದರೆಂದು ವರದಿಯಾಗಿತ್ತು. ಇಂಥ ಸಂದರ್ಭದಲ್ಲಿ ಉಪಗ್ರಹ ಸಂಕೇತ ಎಷ್ಟೇ ಪ್ರಬಲವಾಗಿದ್ದರೂ ಪ್ರಯೋಜನವಿಲ್ಲ. ಕಾರು ಎಲ್ಲಿದೆ ಎಂಬುದನ್ನಷ್ಟೇ ಉಪಗ್ರಹ ತಿಳಿಸಬಲ್ಲದು. ಮುಂದಿರುವ ರಸ್ತೆ ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು.

20,200 ಕಿ.ಮೀ. ಮೇಲಿನಿಂದ ಬರುವ ಪಿಸುಮಾತು

ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ ಕಕ್ಷೆ ಸೇರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಸಜ್ಜಾದದ್ದು 1995ರಲ್ಲಿ. ನಾಗರಿಕರಿಗೆ ಸಿಗುವ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸುವ ಪದ್ಧತಿಯನ್ನು ಅಮೆರಿಕ ಕೈಬಿಟ್ಟದ್ದು 2000ದ ಮೇ ತಿಂಗಳಲ್ಲಿ. ಇಂದು ಕಾರಿನಲ್ಲಿ ದಾರಿ ತೋರುವ ಸೌಲಭ್ಯ ಜನಸಾಮಾನ್ಯರಿಗೆ ಎಟುಕಿರುವುದಕ್ಕೆ ಆ ನಿರ್ಧಾರವೂ ಕಾರಣ.

ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ ತನ್ನ ಪರಮಾಣು ಗಡಿಯಾರದ ಸಮಯವನ್ನು ನಿರಂತರವಾಗಿ ಬಿತ್ತರಿಸುತ್ತದೆ. ಆ ಸಂಕೇತ ನೆತ್ತಿಯ ಮೇಲಿನಿಂದ ನೆಲ ತಲುಪಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 67 ಭಾಗದಷ್ಟು ಕಾಲ ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಎಂಬುದರಿಂದ ಉಪಗ್ರಹದ ದೂರವನ್ನು ಫೋನು ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಫೋನಿನ ಗಡಿಯಾರದ ತಪ್ಪು, ಹೀಗೆ ನಾಲ್ಕು ಅಜ್ಞಾತಗಳನ್ನು ಬಿಡಿಸಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಏರುಪೇರಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ.

ಇಷ್ಟು ಸೂಕ್ಷ್ಮ ಲೆಕ್ಕಕ್ಕೆ ಆಧಾರವಾದ ಸಂಕೇತ ಮಾತ್ರ ಅತ್ಯಂತ ದುರ್ಬಲ. ಒಂದು ವ್ಯಾಟ್ ಶಕ್ತಿಯನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಪಾಲು ಮಾಡಿದರೆ ಎಷ್ಟಾಗುವುದೋ ಹೆಚ್ಚು ಕಡಿಮೆ ಅಷ್ಟು ಶಕ್ತಿ ಫೋನಿನ ಆಂಟೆನಾವನ್ನು ತಲುಪುತ್ತದೆ. ಸುತ್ತಲಿನ ರೇಡಿಯೊ ಗದ್ದಲಕ್ಕಿಂತಲೂ ಇದು ಕ್ಷೀಣ. ಸಂಕೇತದಲ್ಲಿ ಅಡಗಿರುವ ಗೊತ್ತಾದ ಸಂಖ್ಯಾಮಾಲೆಯ ನೆರವಿನಿಂದಷ್ಟೇ ಫೋನು ಅದನ್ನು ಗದ್ದಲದಿಂದ ಹೆಕ್ಕಿ ತೆಗೆಯುತ್ತದೆ. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ಇರುತ್ತದೆಂದು ಅಮೆರಿಕ ಸರ್ಕಾರದ ಜಿಪಿಎಸ್ ಮಾಹಿತಿ ತಿಳಿಸುತ್ತದೆ. 'ತೆರೆದ ಆಕಾಶ' ಎಂಬ ಷರತ್ತನ್ನು ಇಲ್ಲಿ ಮರೆಯುವಂತಿಲ್ಲ.

ಕಾರೆಂಬ ಲೋಹದ ಪೆಟ್ಟಿಗೆ

ಕಾರಿನ ಉಕ್ಕಿನ ಮೇಲ್ಛಾವಣಿ ಈ ಸಂಕೇತವನ್ನು ತಡೆಯುತ್ತದೆ. ನೆತ್ತಿಯ ಮೇಲಿನ ಉಪಗ್ರಹಗಳು ಫೋನಿಗೆ 'ಕಾಣಿಸುವುದಿಲ್ಲ'. ಗಾಜಿನ ಮೂಲಕ ಮುಂಭಾಗದ ಹಾಗೂ ಪಕ್ಕದ ಆಕಾಶವಷ್ಟೇ ಲಭ್ಯ. ಉಪಗ್ರಹಗಳ ಸಂಖ್ಯೆ ಸಾಕಷ್ಟಿದ್ದರೂ ಅವೆಲ್ಲ ಒಂದೇ ದಿಕ್ಕಿನಲ್ಲಿ ಗುಂಪುಗೂಡಿದ್ದರೆ ಲೆಕ್ಕದ ತಪ್ಪು ಹಿಗ್ಗುತ್ತದೆ. ಆಕಾಶದ ಎಲ್ಲ ಕಡೆ ಹರಡಿಕೊಂಡ ಉಪಗ್ರಹಗಳಿಂದಲೇ ಉತ್ತಮ ಫಲಿತಾಂಶ ಸಿಗುವುದು.

ಗಾಜಿನಲ್ಲೂ ಬಗೆಗಳಿವೆ. ಸಾಮಾನ್ಯ ಗಾಜು ಸಂಕೇತಕ್ಕೆ ಹೆಚ್ಚಿನ ಅಡ್ಡಿ ಮಾಡದು. ಬಿಸಿಲಿನ ಶಾಖವನ್ನು ಪ್ರತಿಫಲಿಸಲು ಅತಿ ತೆಳುವಾದ ಲೋಹದ ಲೇಪ ಹೊಂದಿರುವ ಮುಂಗಾಜು ಶಾಖದ ಜೊತೆಗೆ ರೇಡಿಯೊ ಅಲೆಗಳನ್ನೂ ಹಿಂದಕ್ಕೆ ಕಳುಹಿಸುತ್ತದೆ. ಇಂತಹ ಗಾಜುಳ್ಳ ಕೆಲವು ಕಾರುಗಳಲ್ಲಿ ಹಿನ್ನೋಟದ ಕನ್ನಡಿಯ ಬಳಿ ಲೇಪವಿಲ್ಲದ ಸಣ್ಣ ಕಿಂಡಿಯನ್ನು ತಯಾರಕರು ಬಿಟ್ಟಿರುತ್ತಾರೆ. ಲೋಹದ ಅಂಶವಿರುವ ಸನ್ ಫಿಲ್ಮ್ ಅಂಟಿಸಿದರೂ ಇದೇ ತೊಂದರೆ. ಸೆರಾಮಿಕ್ ಬಗೆಯ ಫಿಲ್ಮ್‌ಗಳಲ್ಲಿ ಅಡ್ಡಿ ಕಡಿಮೆ.

ಫೋನಿನ ಜಾಗವೂ ಮುಖ್ಯ. ಗೇರಿನ ಪಕ್ಕದ ಲೋಟದ ಗುಳಿಯಲ್ಲೋ, ಅಂಗಿಯ ಜೇಬಿನಲ್ಲೋ ಇಟ್ಟ ಫೋನಿಗೆ ಆಕಾಶ ಕಾಣುವುದು ಕಷ್ಟ. ಮುಂಗಾಜಿನ ಕೆಳಗೆ, ಡ್ಯಾಶ್‌ಬೋರ್ಡ್ ಮೇಲೆ ನೆಟ್ಟಗೆ ನಿಲ್ಲಿಸಿದ ಫೋನಿಗೆ ಅನುಕೂಲ ಹೆಚ್ಚು. ಆದರೆ ನೇರ ಬಿಸಿಲಿಗೆ ಫೋನು ಕಾಯ್ದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಎ.ಸಿ. ಗಾಳಿ ತಾಗುವ, ಆದರೆ ಗಾಜಿಗೆ ಹತ್ತಿರವಿರುವ ಜಾಗವೇ ಲೇಸು.

ಹೆಚ್ಚಿನವರು ಅನುಮಾನಿಸದ ಮತ್ತೊಂದು ಕಾರಣವೂ ಇದೆ. ಕಳಪೆ ಗುಣಮಟ್ಟದ ಕಾರ್ ಚಾರ್ಜರ್ ಹಾಗೂ ಡ್ಯಾಶ್ ಕ್ಯಾಮೆರಾಗಳು ಹೊರಸೂಸುವ ರೇಡಿಯೊ ಗದ್ದಲ ಈ ಕ್ಷೀಣ ಸಂಕೇತವನ್ನು ಮುಳುಗಿಸಿಬಿಡಬಲ್ಲದು. ಚಾರ್ಜರ್ ಕಿತ್ತೊಡನೆ ಜಿಪಿಎಸ್ ಸರಿಹೋದರೆ ಅಪರಾಧಿ ಯಾರೆಂದು ಬೇರೆ ಹೇಳಬೇಕಿಲ್ಲ. ಅಯಸ್ಕಾಂತದ ಹೋಲ್ಡರ್‌ಗಳ ಬಗೆಗಿನ ಭಯ ಮಾತ್ರ ಅರ್ಧ ಸತ್ಯ. ಅಯಸ್ಕಾಂತವು ಫೋನಿನ ದಿಕ್ಸೂಚಿಯನ್ನು ಗೊಂದಲಗೊಳಿಸುತ್ತದೆಯೇ ಹೊರತು ಉಪಗ್ರಹ ಸಂಕೇತವನ್ನಲ್ಲ. ನಿಂತ ಕಾರಿನಲ್ಲಿ ಬಾಣದ ಗುರುತು ತಪ್ಪು ದಿಕ್ಕಿಗೆ ತಿರುಗಿರಬಹುದು. ಕಾರು ಚಲಿಸತೊಡಗಿದೊಡನೆ ಚಲನೆಯಿಂದಲೇ ದಿಕ್ಕು ಗೊತ್ತಾಗುವುದರಿಂದ ಅದು ಸರಿಹೋಗುತ್ತದೆ. ಫೋನಿನ ಬೆನ್ನಿಗೆ ಅಂಟಿಸುವ ಉಕ್ಕಿನ ಬಿಲ್ಲೆ ಆಂಟೆನಾಗೆ ಅಡ್ಡವಾದರಷ್ಟೇ ತೊಂದರೆ.

ಕಟ್ಟಡಗಳ ನಡುವೆ, ಸೇತುವೆಯ ಕೆಳಗೆ

ನಗರದ ಎತ್ತರದ ಕಟ್ಟಡಗಳು ಎರಡು ರೀತಿಯಲ್ಲಿ ಕಾಡುತ್ತವೆ. ಒಂದೆಡೆ ಆಕಾಶವನ್ನು ಮರೆಮಾಡುತ್ತವೆ. ಇನ್ನೊಂದೆಡೆ, ಗಾಜು ಮತ್ತು ಕಾಂಕ್ರೀಟಿನ ಗೋಡೆಗಳಿಗೆ ಬಡಿದು ಪ್ರತಿಫಲಿಸಿದ ಸಂಕೇತ ಸುತ್ತುಬಳಸಿ ಫೋನನ್ನು ತಲುಪುತ್ತದೆ. ಸುತ್ತಿ ಬಂದ ಸಂಕೇತ ತಡವಾಗಿ ಬರುವುದರಿಂದ ಉಪಗ್ರಹ ಇನ್ನಷ್ಟು ದೂರದಲ್ಲಿದೆ ಎಂದೇ ಫೋನು ನಂಬುತ್ತದೆ. ನೀಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುವುದು ಈ ಕಾರಣದಿಂದ.

ಮೇಲ್ಸೇತುವೆಗಳ ಸಮಸ್ಯೆಯೇ ಬೇರೆ. ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇರುವುದರಿಂದ ಎತ್ತರದ ಲೆಕ್ಕ ಯಾವಾಗಲೂ ಅಡ್ಡಲಾಗಿನ ಸ್ಥಾನದ ಲೆಕ್ಕಕ್ಕಿಂತ ಹೆಚ್ಚು ತಪ್ಪುತ್ತದೆ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಎತ್ತರಿಸಿದ ರಸ್ತೆಯಲ್ಲಿ ಇರುವ ಕಾರಿಗೂ ಅದರ ಕೆಳಗಿನ ರಸ್ತೆಯಲ್ಲಿರುವ ಕಾರಿಗೂ ನಕ್ಷೆಯಲ್ಲಿ ಸ್ಥಾನ ಒಂದೇ. 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕರ್ ಸೇತುವೆಯಲ್ಲಂತೂ ನೆಲದ ರಸ್ತೆ, ಅದರ ಮೇಲೆ ಸೇತುವೆ, ಅದರ ಮೇಲೆ ಮೆಟ್ರೊ. ಕೆಳಗಿನ ವಾಹನಕ್ಕೆ ಆಕಾಶ ಕಾಣುವುದು ಎರಡು ಅಂಚುಗಳಲ್ಲಿ ಮಾತ್ರ. ಈ ಗೊಂದಲವನ್ನು ತಗ್ಗಿಸಲು ಗೂಗಲ್ ಮ್ಯಾಪ್ಸ್ 2024ರ ಜುಲೈನಲ್ಲಿ ಭಾರತದ 40 ನಗರಗಳಿಗೆ ಮೇಲ್ಸೇತುವೆಯ ಮುನ್ಸೂಚನೆ ನೀಡುವ ಸೌಲಭ್ಯ ಪ್ರಕಟಿಸಿತು. ಉಪಗ್ರಹದಿಂದ ಬಗೆಹರಿಯದ ಪ್ರಶ್ನೆಗೆ ನಕ್ಷೆಯ ಮೂಲಕ ಹುಡುಕಿದ ಪರಿಹಾರವಿದು.

ಸುರಂಗ, ಅಂಡರ್‌ಪಾಸ್‌ಗಳಲ್ಲಿ ಸಂಕೇತ ಪೂರ್ತಿ ಕಡಿಯುತ್ತದೆ. ಆಗ ಫೋನು ಹಿಂದಿನ ವೇಗ ಮತ್ತು ತನ್ನೊಳಗಿನ ಚಲನಸಂವೇದಕಗಳ ಆಧಾರದ ಮೇಲೆ ಊಹಿಸುತ್ತಾ ಸಾಗುತ್ತದೆ. ಹೊತ್ತು ಹೆಚ್ಚಿದಷ್ಟೂ ಊಹೆಯ ತಪ್ಪು ಬೆಳೆಯುತ್ತದೆ. ಕಾರಿನಲ್ಲೇ ಅಳವಡಿಸಿದ ವ್ಯವಸ್ಥೆಗೆ ಚಕ್ರದ ವೇಗದ ಲೆಕ್ಕ ಹಾಗೂ ಛಾವಣಿಯ ಮೇಲಿನ ಆಂಟೆನಾದ ಬಲವಿರುವುದರಿಂದ ಅದು ಇಲ್ಲಿ ಫೋನಿಗಿಂತ ಮೇಲು.

ಘಟ್ಟದಲ್ಲಿ ಕಾಡುವುದು ಬೇರೆ ಕೊರತೆ

ಆಗುಂಬೆ, ಚಾರ್ಮಾಡಿ, ಶಿರಾಡಿ ಘಟ್ಟಗಳಲ್ಲಿ ಬೆಟ್ಟದ ಮಗ್ಗುಲು ಮತ್ತು ದಟ್ಟ ಮರಗಳ ಹೊದಿಕೆ ಸಂಕೇತವನ್ನು ಕುಗ್ಗಿಸುತ್ತವೆ. ಆದರೆ ಅಲ್ಲಿ ಪ್ರಯಾಣಿಕರನ್ನು ಹೆಚ್ಚು ಕಾಡುವುದು ಮೊಬೈಲ್ ನೆಟ್‌ವರ್ಕ್ ಇಲ್ಲದಿರುವುದು. ಸ್ಥಳ ಕಂಡುಹಿಡಿಯಲು ಜಿಪಿಎಸ್‌ಗೆ ಇಂಟರ್‌ನೆಟ್ ಅಗತ್ಯವಿಲ್ಲ. ಆದರೂ ನೆಟ್‌ವರ್ಕ್ ಇದ್ದರೆ ಎರಡು ಲಾಭ. ನಕ್ಷೆ ದೊರೆಯುತ್ತದೆ, ಉಪಗ್ರಹಗಳು ಈಗ ಎಲ್ಲಿವೆ ಎಂಬ ವಿವರವೂ ಕ್ಷಣದಲ್ಲಿ ಇಳಿಯುತ್ತದೆ. ನೆಟ್‌ವರ್ಕ್ ಇಲ್ಲದಾಗ ಈ ವಿವರವನ್ನು ಉಪಗ್ರಹದಿಂದಲೇ ಪಡೆಯಬೇಕು. ಅದು ಬರುವ ವೇಗ ಸೆಕೆಂಡಿಗೆ ಕೇವಲ 50 ಬಿಟ್. ಒಂದು ಉಪಗ್ರಹದ ಕಕ್ಷೆಯ ವಿವರಕ್ಕೆ ಸುಮಾರು ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿಗೆ ಹನ್ನೆರಡೂವರೆ ನಿಮಿಷ ಬೇಕು. ತಿರುವುಗಳ ನಡುವೆ ಸಂಕೇತ ಪದೇ ಪದೇ ಕಡಿದರೆ ಕಾಯುವಿಕೆ ಇನ್ನೂ ದೀರ್ಘ. ಊರು ಬಿಡುವ ಮುನ್ನವೇ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಒಮ್ಮೆ ಸ್ಥಳ ಗುರುತಾದ ಮೇಲೆ ಹೊರಡುವುದು ಜಾಣತನ.

ಎರಡು ತರಂಗಾಂತರ, ಹಲವು ವ್ಯವಸ್ಥೆ

ಇಂದಿನ ಫೋನುಗಳು ಅಮೆರಿಕದ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೂ ಉಪಗ್ರಹಗಳ ಸಂಕೇತವನ್ನೂ ಬಳಸಿಕೊಳ್ಳುತ್ತವೆ. 2018ರಲ್ಲಿ ಬಂದ ಶಿಯೋಮಿ ಮಿ 8 ಎರಡು ತರಂಗಾಂತರಗಳನ್ನು ಗ್ರಹಿಸುವ ಮೊದಲ ಫೋನ್ ಎನಿಸಿತು. ಎಲ್1 ಎಂಬ ಹಳೆಯ ಸಂಕೇತದ ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವೂ ದೊರೆತರೆ ಗೋಡೆಯಿಂದ ಪ್ರತಿಫಲಿಸಿದ ಅಲೆಯನ್ನು ನೇರ ಅಲೆಯಿಂದ ಬೇರ್ಪಡಿಸುವುದು ಸುಲಭ. ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಆಗುವ ವಿಳಂಬವನ್ನೂ ಲೆಕ್ಕ ಹಾಕಿ ಕಳೆಯಬಹುದು. ಭೂಕಾಂತೀಯ ಸಮಭಾಜಕಕ್ಕೆ ಸಮೀಪವಿರುವ ದಕ್ಷಿಣ ಭಾರತಕ್ಕೆ ಇದು ವಿಶೇಷವಾಗಿ ಉಪಯುಕ್ತ. ಸೂರ್ಯಾಸ್ತದ ನಂತರದ ಕೆಲ ಗಂಟೆಗಳಲ್ಲಿ ಇಲ್ಲಿನ ಅಯಾನುಗೋಳ ಹೆಚ್ಚು ಕ್ಷೋಭೆಗೊಳ್ಳುವುದುಂಟು.

ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಹಾರಿಸಲಾಯಿತು. ಇದರ ಸಂಚರಣೆ ಕೇಂದ್ರ ಇರುವುದು ಬೆಂಗಳೂರಿಗೆ ಸಮೀಪದ ಬ್ಯಾಲಾಳಿನಲ್ಲಿ. ನಾವಿಕ್ ಉಪಗ್ರಹಗಳು ಭಾರತದ ಆಕಾಶದಲ್ಲೇ ಸದಾ ಇರುವಂತೆ ಯೋಜಿಸಲ್ಪಟ್ಟಿರುವುದು ಅದರ ಹೆಗ್ಗಳಿಕೆ. 2020ರಿಂದೀಚೆಗೆ ಕೆಲವು ಆಂಡ್ರಾಯ್ಡ್ ಫೋನುಗಳು, 2023ರಲ್ಲಿ ಐಫೋನ್ 15 ಪ್ರೊ ಮಾದರಿಗಳು ನಾವಿಕ್ ಸಂಕೇತ ಗ್ರಹಿಸುವ ಸಾಮರ್ಥ್ಯ ಪಡೆದವು. ಆದರೆ ಮೊದಲ ತಲೆಮಾರಿನ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಸ್ವದೇಶಿ ಗಡಿಯಾರ ಹೊತ್ತ ಎನ್‌ವಿಎಸ್-01 ಯಶಸ್ವಿಯಾದರೂ, 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಫೋನಿನ ಪೆಟ್ಟಿಗೆಯ ಮೇಲೆ 'ನಾವಿಕ್' ಎಂದು ಮುದ್ರಿಸಿರುವುದಷ್ಟೇ ನಿಖರತೆಯ ಖಾತರಿಯಲ್ಲ.

ಕೆಲವೇ ಮೀಟರ್‌ಗಳಿಗೆ ಬೆಲೆ ಬಂದಾಗ

ಐದಾರು ಮೀಟರ್ ತಪ್ಪಿದರೆ ಏನು ಮಹಾ ಎನ್ನಬಹುದು. ಹೆದ್ದಾರಿಗೂ ಅದರ ಸರ್ವಿಸ್ ರಸ್ತೆಗೂ ಇರುವ ಅಂತರ ಹಲವೆಡೆ ಇಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಿಗೆ ತಿದ್ದುಪಡಿ ತಂದು, ಉಪಗ್ರಹ ಆಧಾರಿತ ಟೋಲ್ ವಸೂಲಿಗೆ ಅವಕಾಶ ಕಲ್ಪಿಸಿತು. ಪ್ರಾಯೋಗಿಕ ಅಧ್ಯಯನಕ್ಕೆ ಆಯ್ದ ಮಾರ್ಗಗಳಲ್ಲಿ ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275 ಸಹ ಒಂದು. 2025ರ ಮೇ 1ರಿಂದ ದೇಶದಾದ್ಯಂತ ಜಾರಿಗೊಳಿಸುವ ನಿರ್ಧಾರವೇನೂ ಆಗಿಲ್ಲ ಎಂದು ಕೇಂದ್ರ ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಇದಕ್ಕೆ ಬಳಸುವುದು ವಾಹನದಲ್ಲಿ ಅಳವಡಿಸುವ ಪ್ರತ್ಯೇಕ ಉಪಕರಣವೇ ಹೊರತು ಫೋನಲ್ಲ. ಆದರೆ ಭೌತಿಕ ನಿಯಮ ಎರಡಕ್ಕೂ ಒಂದೇ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗುವ ಹಳ್ಳಿಯ ಟೆಂಪೊಗೆ ಟೋಲ್ ಬೀಳುವುದೋ ಇಲ್ಲವೋ ಎಂಬುದು ಇಂತಹ ವ್ಯವಸ್ಥೆಯಲ್ಲಿ ಕೆಲವೇ ಮೀಟರ್‌ಗಳ ಲೆಕ್ಕವಾಗುತ್ತದೆ.

ನೀವೇ ಪರೀಕ್ಷಿಸಿ ನೋಡಿ

ಉಪಗ್ರಹಗಳ ಸಂಕೇತಬಲ ತೋರಿಸುವ ಉಚಿತ ಅಪ್ಲಿಕೇಶನ್‌ಗಳು ಆಂಡ್ರಾಯ್ಡ್ ಫೋನುಗಳಿಗೆ ಲಭ್ಯ. ಮೊದಲು ಕಾರಿನ ಹೊರಗೆ ಬಯಲಿನಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳಿ. ಬಳಿಕ ಬಾಗಿಲು ಮುಚ್ಚಿದ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ, ನಂತರ ಲೋಟದ ಗುಳಿಯಲ್ಲಿ, ಕೊನೆಗೆ ಚಾರ್ಜರ್ ಹಾಕಿ ನೋಡಿ. ಹೊರಗೆ 40 ಡೆಸಿಬಲ್ ಆಸುಪಾಸು ಇದ್ದ ಅಂಕಿ ಕಾರಿನೊಳಗೆ 10ರಷ್ಟು ಇಳಿದರೆ ಸಂಕೇತದ ಶಕ್ತಿ ಹತ್ತನೇ ಒಂದು ಭಾಗಕ್ಕೆ ಕುಸಿದಿದೆ ಎಂದರ್ಥ. 20ರಷ್ಟು ಇಳಿದರೆ ನೂರನೇ ಒಂದು ಭಾಗ. ಎಲ್ಲಿ ಇಳಿಯಿತೋ ಅಲ್ಲಿಯೇ ದೋಷವಿದೆ.

ಸೆಟ್ಟಿಂಗ್‌ಗಳತ್ತಲೂ ಗಮನವಿರಲಿ. ನಕ್ಷೆಯ ಅಪ್ಲಿಕೇಶನ್‌ಗೆ 'ನಿಖರ ಸ್ಥಳ' ಬಳಸಲು ಅನುಮತಿ ಇರಬೇಕು; 'ಅಂದಾಜು ಸ್ಥಳ' ಆಯ್ಕೆಯಾಗಿದ್ದರೆ ದಾರಿ ತೋರಿಸುವುದು ಅಸಾಧ್ಯ. ಬ್ಯಾಟರಿ ಉಳಿತಾಯದ ಸ್ಥಿತಿಯನ್ನು ಪ್ರಯಾಣದ ವೇಳೆ ತೆಗೆದಿಡುವುದು ಒಳ್ಳೆಯದು. ನೀಲಿ ಚುಕ್ಕೆಯ ಸುತ್ತಲಿನ ತೆಳು ನೀಲಿ ವೃತ್ತವನ್ನೂ ನೋಡುತ್ತಿರಿ. ವೃತ್ತ ದೊಡ್ಡದಾದಷ್ಟೂ ತನಗೆ ಖಚಿತವಿಲ್ಲವೆಂದು ಫೋನೇ ಹೇಳುತ್ತಿದೆ.

ಕಾನೂನಿನ ಒಂದು ಮಾತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಚಾಲನೆ ವೇಳೆ ಫೋನನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗವಾಗದಂತೆ ಬಳಸಬಹುದು. ಆದ್ದರಿಂದ ವಿಳಾಸ ಬರೆಯುವುದು, ದಾರಿ ಆರಿಸುವುದು ಎಲ್ಲವೂ ಕಾರು ಹೊರಡುವ ಮೊದಲೇ ಮುಗಿಯಲಿ. ರಸ್ತೆಯ ಮೇಲೆ ಫಲಕ ಒಂದು ಹೇಳಿ, ಫೋನು ಇನ್ನೊಂದು ಹೇಳಿದಾಗ ಫಲಕವನ್ನೇ ನಂಬುವುದು ಕ್ಷೇಮ.