ಮೊದಲು ಬಿಸಿನೀರಲ್ಲಿ ಕಲಸಿ ನೋಡಿ

ಅಂಗಡಿಯಿಂದ ಹಾಟ್ ಚಾಕೊಲೇಟ್ ಪುಡಿ ತಂದಿದ್ದೀರಾ? ಹಾಲು ಕಾಯಿಸೋಕೆ ಮುಂಚೆ ಡಬ್ಬಿಯ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರೋದೇ ಮೊದಲು ಬರಬೇಕು, ಅದು ನಿಯಮ. ಎಷ್ಟೋ ಡಬ್ಬಿಗಳಲ್ಲಿ ಮೊದಲ ಹೆಸರೇ ಸಕ್ಕರೆ.

ಈಗ ರುಚಿ. ಹಾಲು ಆಮೇಲೆ, ಮೊದಲು ಬರೀ ಬಿಸಿನೀರಲ್ಲಿ ಕಲಸಿ. ಹಾಲಿನ ಜಿಡ್ಡು ಕೋಕೋದ ಕಹಿಯನ್ನ ಮೆತ್ತಗೆ ಮಾಡಿಬಿಡುತ್ತೆ. ನೀರಲ್ಲಿ ಯಾವ ಮರೆಯೂ ಇರಲ್ಲ. ಲೋಟ ಮೂಗಿನ ಹತ್ತಿರ ಹಿಡೀರಿ. ಹುರಿದ ಬೀಜದ ಘಮ ಬಂತಾ, ಇಲ್ಲ ಬರೀ ವೆನಿಲ್ಲಾನಾ? ಒಂದು ಗುಟುಕು ಕುಡಿದು ಸುಮ್ಮನೆ ಕಾಯಿರಿ. ಸಿಹಿ ಇಳಿದ ಮೇಲೂ ನಾಲಿಗೆಯ ಹಿಂದೆ ಒಂದು ಹಿತವಾದ ಕಹಿ ಉಳೀತಾ? ನಾನು ದುಡ್ಡು ಕೊಡೋದು ಆ ಕಹಿಗೇ.

ಬಣ್ಣ ನೋಡಿ ಮಾತ್ರ ತೀರ್ಪು ಕೊಡಬೇಡಿ. ಕ್ಷಾರದಲ್ಲಿ ಸಂಸ್ಕರಿಸಿದ ಕೋಕೋ ಹೆಚ್ಚು ಗಾಢ ಬಣ್ಣದ್ದಾಗಿರುತ್ತೆ, ಆದ್ರೆ ಅದರ ಹುಳಿ, ಒಗರು ಎರಡೂ ಕಡಿಮೆ. ಇದು 19ನೇ ಶತಮಾನದ ಹಾಲೆಂಡಿನ ವಿಧಾನ, ಅದಕ್ಕೇ ಡಚ್ ಕೋಕೋ ಅಂತಾರೆ. ತಳದಲ್ಲಿ ಗಸಿ ಕೂತ್ರೆ ಕಲಬೆರಕೆ ಅಂತಲೂ ಅಲ್ಲ. ಕೋಕೋ ನೀರಲ್ಲಿ ಸಕ್ಕರೆ ಥರ ಕರಗಲ್ಲ, ನಿಧಾನಕ್ಕೆ ಕೆಳಗಿಳಿಯುತ್ತೆ.

 

ನೀರಿನ ಪರೀಕ್ಷೆ ಗೆದ್ದ ಪುಡಿಗೆ ಈಗ ಹಾಲು. ಎರಡು ಚಮಚ ಪುಡಿಗೆ ಸ್ವಲ್ಪವೇ ಬಿಸಿಹಾಲು ಹಾಕಿ, ಗಂಟಿಲ್ಲದಂತೆ ಚೆನ್ನಾಗಿ ತಿಕ್ಕಿ, ಉಳಿದ ಹಾಲು ಸುರೀರಿ. ತೀರಾ ಸಿಹಿ ಅನಿಸಿದ್ರೆ ಇನ್ನೊಂದಿಷ್ಟು ಹಾಲು.