ಡ್ರೂರಿ ಬೀದಿಯ ಗೋಲಿ ಸೋಡಾ

ಫ್ರಿಜ್ಜಿನ ಗಾಜಿನಾಚೆ ಆ ಬಾಟಲಿ ಕಂಡದ್ದೇ ಕಾಲು ನಿಂತಿತು. ಕತ್ತು ಹಿಚುಕಿದಂಥ ಗಾಜಿನ ಬಾಟಲಿ, ಮೇಲೆ ನೀಲಿ ಮುಚ್ಚಳ, ಒಳಗೆ ಗೋಲಿ.

‘ಮಾಮ, ಅದು ರಾಮುನೆ. ಜಪಾನಿನದ್ದು,’ ಅಂದಳು ತಂಗಿಯ ಮಗಳು.

‘ಎಂಥ ಜಪಾನು ಮಾರಾಯ್ತಿ, ಇದು ಗೋಲಿ ಸೋಡಾ!’

ಡಬ್ಲಿನ್ನಿನಲ್ಲಿ ಜಪಾನ್ ನೋಡಲು ಹೊರಟದ್ದು ಅವಳ ಹಟಕ್ಕೆ. ಹದಿನಾಲ್ಕರ ಹುಡುಗಿ. ಮಂಗಳೂರಿನ ಮಾತನ್ನು ಐರಿಶ್ ರಾಗದಲ್ಲಿ ಆಡುತ್ತಾಳೆ, ಗೋಡೆ ತುಂಬ ಅನಿಮೆ ಚಿತ್ರ ಅಂಟಿಸಿಕೊಂಡಿದ್ದಾಳೆ. ಶನಿವಾರ ಬೆಳಿಗ್ಗೆ ಲುವಾಸ್ ಟ್ರಾಮ್ ಹತ್ತಿ ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಇಲ್ಲಿನವರು ಇದನ್ನು ಮಳೆಯೆಂದೇ ಲೆಕ್ಕಿಸುವುದಿಲ್ಲ. ಕೊಡೆ ಬಿಡಿಸಿದ್ದು ನಾನೊಬ್ಬನೇ.

ಜಪಾನಿನವರದೇ ಒಂದು ಬೀದಿ ಇರಬಹುದು, ಕೆಂಪು ಕಾಗದದ ದೀಪ ತೂಗುತ್ತಿರಬಹುದು ಎಂದೆಲ್ಲ ಎಣಿಸಿದ್ದೆ. ಅಂಥದ್ದೇನೂ ಇಲ್ಲ. ಈ ಊರಲ್ಲಿ ಜಪಾನ್ ಎಂದರೆ ಬೇರೆಯವರ ಅಂಗಡಿಯ ಕೆಲವು ಕಪಾಟುಗಳು. ನಾವು ಹೊಕ್ಕ ಡ್ರೂರಿ ಬೀದಿಯ ಏಷ್ಯಾ ಮಾರ್ಕೆಟ್ 1981ರಲ್ಲಿ ಶುರುವಾದದ್ದು, ಚೀನೀ ಮೂಲದ ಕುಟುಂಬದ್ದು. ಒಂದು ಸಾಲಿನಲ್ಲಿ ಥಾಯ್ ಮೀನುಸಾರು, ಇನ್ನೊಂದರಲ್ಲಿ ಕೊರಿಯಾದ ಕಿಮ್ಚಿ, ಮಗ್ಗುಲಲ್ಲಿ ನಮ್ಮ ತೊಗರಿಬೇಳೆ. ನಡುವೆ ಎಲ್ಲೋ ಮಿಸೊ, ನೋರಿ, ಸೋಬಾ ಶಾವಿಗೆ. ಸಾಲುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು. ಬುಟ್ಟಿ ಹಿಡಿದುಕೊಂಡು ನಾನು ಎಷ್ಟು ಸಲ ‘ಸಾರಿ’ ಅಂದೆನೋ.

ಆ ಜಪಾನೂ ಪೂರ್ತಿ ಜಪಾನಲ್ಲ. ಯುರೋಪಿನ ಅಂಗಡಿಗಳ ಕಿಕ್ಕೊಮನ್ ಸೋಯಾ ಸಾಸ್ 1997ರಿಂದ ತಯಾರಾಗುವುದು ನೆದರ್ಲೆಂಡ್ಸ್‌ನಲ್ಲಿ. ಸುಶಿ ಅಕ್ಕಿ ಎಂದು ಮಾರುವುದರಲ್ಲಿ ಇಟಲಿಯ ಗದ್ದೆಯಲ್ಲಿ ಬೆಳೆದದ್ದೂ ಉಂಟು. ಎಸ್ ಅಂಡ್ ಬಿ ಕಂಪನಿಯ ಗೋಲ್ಡನ್ ಕರಿ ಎಂಬ ಮಸಾಲೆ ಅಚ್ಚು 1966ರಿಂದ ಇದೆ. ನಮ್ಮ ಸಾರು-ಪಲ್ಯ ಬ್ರಿಟಿಷರ ಬಾಯಲ್ಲಿ ‘ಕರಿ’ಯಾಗಿ, ಅವರಿಂದ ಜಪಾನಿಗೆ ಹೋಗಿ, ಈಗ ಚಾಕಲೇಟಿನ ತುಂಡಿನ ಹಾಗೆ ಮುರಿದು ಕುದಿಸುವ ವಸ್ತುವಾಗಿ ಇಲ್ಲಿ ಕೂತಿದೆ. ಪೊಟ್ಟಣ ಮೂಸಿ ನೋಡಿದೆ. ಜೀರಿಗೆ, ಮೆಂತೆ ಎಲ್ಲ ಸರಿ, ಒಗ್ಗರಣೆಯ ನೆನಪು ಮಾತ್ರ ಇಲ್ಲ.

ಪಕ್ಕದಲ್ಲೇ ಕತ್ಸುವೊಬುಶಿ: ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಮೀನಿನ ತೆಳು ಹೆರಕಲು. ದಾಶಿ ಎಂಬ ಅವರ ತಿಳಿಸಾರಿಗೆ ಇದೇ ಜೀವ. ಸಸ್ಯಾಹಾರಿಗಳು ಜೋಪಾನ, ಬರೀ ಸೊಪ್ಪು-ತೋಫು ಕಾಣುವ ಮಿಸೊ ಸಾರಿನ ತಳದಲ್ಲೂ ಹೆಚ್ಚಾಗಿ ಈ ಮೀನೇ ಇರುತ್ತದೆ. ನನಗೆ ನೆನಪಾದದ್ದು ಮಂಗಳೂರಿನ ಹಳೆ ಬಂದರಿನ ದಕ್ಕೆ. ಲಕ್ಷದ್ವೀಪದ ಮಂಜಿ ದೋಣಿಗಳು ಬಂದು ನಿಲ್ಲುವ ಜಾಗ. ಮಿನಿಕಾಯ್ ದ್ವೀಪದವರು ಅದೇ ಜಾತಿಯ ಸೂರೆ ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಬಿಸಿಲಿಗೆ ಒಣಗಿಸಿ ‘ಮಾಸ್’ ಮಾಡುತ್ತಾರೆ. ಅರಬ್ಬೀ ಸಮುದ್ರದ ನಡುವಿನ ದ್ವೀಪಕ್ಕೂ ಜಪಾನಿಗೂ ಹೊಳೆದದ್ದು ಒಂದೇ ಉಪಾಯ. ಇದನ್ನೆಲ್ಲ ಹೇಳಹೊರಟರೆ ಸೊಸೆ ಮೂಗು ಮುಚ್ಚಿಕೊಂಡು ಮೋಚಿಯ ಕಡೆ ಓಡಿದ್ದಳು. ಮೋಚಿ ಎಂದರೆ ಅಂಟಕ್ಕಿಯ ಹಿಟ್ಟಿನೊಳಗೆ ಸಿಹಿ ಕಾಳಿನ ಹೂರಣ. ಕಡುಬಿನ ದೂರದ ನೆಂಟ.

ಒಂದು ತಕರಾರು ಇಲ್ಲೇ ಹೇಳಿಬಿಡುತ್ತೇನೆ. ನೋರಿ ಹಾಳೆಗಳು ಕಟ್ಟುಕಟ್ಟಾಗಿ ಅಷ್ಟು ದೂರದಿಂದ ಬಂದು ಕೂತಿವೆ. ಅದರ ಹತ್ತಿರದ ಸಂಬಂಧಿ ಕಡಲಸೊಪ್ಪು ಐರ್ಲೆಂಡಿನ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೇ ಬೆಳೆಯುತ್ತದೆ. ಇಲ್ಲಿಯವರು ಅದನ್ನು ಶ್ಲೌಕ್ ಎನ್ನುತ್ತಾರೆ. ಡಿಲಿಸ್ಕ್, ಕ್ಯಾರಗೀನ್ ಎಂಬ ಇನ್ನೂ ಎರಡು ಇವೆ, ಕರಾವಳಿಯ ಬಡವರು ತಲೆಮಾರುಗಳಿಂದ ತಿಂದದ್ದು. ಆ ದಿನ ನಾನು ನೋಡಿದ ಕಪಾಟುಗಳಲ್ಲಿ ಅವಕ್ಕೆ ಒಂದು ಗೇಣು ಜಾಗ ಇರಲಿಲ್ಲ.

ಇನ್ನು ಇತಿಹಾಸ. ಐರ್ಲೆಂಡ್-ಜಪಾನ್ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1957ರಲ್ಲಿ. ಅದಕ್ಕೂ ಮೊದಲೇ ಕಿಲ್ಡೇರ್‌ನ ಟುಲಿಯಲ್ಲಿ 1906ರಿಂದ 1910ರವರೆಗೆ ತಾಸಾ ಐದಾ ಎಂಬವರು ಮಗ ಮಿನೋರುವಿನ ಜೊತೆ ಸೇರಿ ಜಪಾನಿ ತೋಟ ಮಾಡಿದ್ದರು. ಜಪಾನಿನ ದೆವ್ವದ ಕಥೆಗಳನ್ನು ಇಂಗ್ಲಿಷಿಗೆ ತಂದ ಲಾಫ್ಕಾಡಿಯೊ ಹರ್ನ್ ಬೆಳೆದದ್ದು ಡಬ್ಲಿನ್ನಿನಲ್ಲಿ, ತೀರಿಕೊಂಡದ್ದು 1904ರಲ್ಲಿ ಟೋಕಿಯೊದಲ್ಲಿ. ಡಬ್ಲಿನ್ ಕ್ಯಾಸಲ್ ಆವರಣದ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳಿವೆ, ಪ್ರವೇಶ ಉಚಿತ. ಹೊಟ್ಟೆ ಹಸಿದಿತ್ತು, ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಊಟದ ಮಟ್ಟಿಗೆ ಇಲ್ಲಿನ ಹಿರಿಯ ಹೆಸರು ಯಾಮಾಮೋರಿ. ಸೌತ್ ಗ್ರೇಟ್ ಜಾರ್ಜಸ್ ಸ್ಟ್ರೀಟ್‌ನಲ್ಲಿ 1995ರಲ್ಲಿ ತೆರೆದ ನೂಡಲ್ ಮನೆ. ಅದೇ ಬೀದಿಯಲ್ಲಿ 1894ರ ಬ್ಯೂಲೀಸ್ ಕೆಫೆಯ ಹಳೆ ಕಟ್ಟಡ ಇದೆ. ಆ ಮನೆತನದವರು 1835ರಲ್ಲಿ ಚೀನಾದ ಕ್ಯಾಂಟನ್‌ನಿಂದ 2,099 ಪೆಟ್ಟಿಗೆ ಚಹಾವನ್ನು ನೇರ ಡಬ್ಲಿನ್ನಿಗೆ ತರಿಸಿದ್ದರು. ಬ್ಯೂಲೀಸ್ ಹೋದ ಮೇಲೆ ಆ ಕಟ್ಟಡದಲ್ಲಿ ಯಾಮಾಮೋರಿಯವರೇ ಇಝಕಾಯಾ ತೆರೆದರು. ಇಝಕಾಯಾ ಅಂದರೆ ಕುಡಿಯುತ್ತ ನಂಚಿಕೊಳ್ಳುವ ಜಾಗ, ಹಾಗಾಗಿ ಸೊಸೆಯನ್ನು ಕರೆದುಕೊಂಡು ಒಳಗೆ ಹೋಗುವಂತಿರಲಿಲ್ಲ.

ಲಿಫಿ ನದಿ ದಾಟಿ ಕೇಪಲ್ ಸ್ಟ್ರೀಟಿಗೆ ನಡೆದೆವು. 2022ರ ಮೇ ತಿಂಗಳಿಂದ ಈ ಬೀದಿಗೆ ಕಾರು ಬರುವಂತಿಲ್ಲ. ಮುಸಾಶಿ ಎಂಬ ಸುಶಿ ಮನೆ, ಅದರ ಆಚೀಚೆ ಕೊರಿಯಾ, ಚೀನಾ, ವಿಯೆಟ್ನಾಮಿನ ಊಟ, ನಡುನಡುವೆ ಹಾರ್ಡ್‌ವೇರ್ ಅಂಗಡಿ. ಬೆಂಚಿನ ಮೇಲೆ ಕೂತು ಕಟ್ಟಿಸಿಕೊಂಡು ಬಂದ ಸುಶಿ ಬಿಚ್ಚಿದೆವು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವನಿಗೆ ಈ ಅಂಟು ಅನ್ನ ಒಗ್ಗುವುದು ಕಷ್ಟ. ಅದನ್ನೇ ಗೊಣಗುತ್ತಿದ್ದೆ.

‘ಸರ್ರ, ಕನ್ನಡದವ್ರೇನ್ರಿ?’

ಕಪ್ಪು ಏಪ್ರನ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಹುಡುಗ. ಊರು ಗಂಗಾವತಿ, ಓದುವುದು ಎಂ.ಎಸ್ಸಿ., ಸಂಜೆ ಮತ್ತು ವಾರಾಂತ್ಯ ಹತ್ತಿರದ ಒಂದು ಜಪಾನಿ ಅಡುಗೆಮನೆಯಲ್ಲಿ ಕೆಲಸ. ವಿದ್ಯಾರ್ಥಿ ವೀಸಾದವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ರಜೆಯಲ್ಲಿ 40. ಅವನ ಪಾಲಿಗೆ ಬಂದದ್ದು ಅನ್ನ.

‘ನಮ್ಮಪ್ಪಂದು ನಾಕು ಎಕರೆ ಭತ್ತದ ಗದ್ದಿ ಐತ್ರಿ. ಸೋನಾ ಮಸೂರಿ. ಉದುರುದುರು ಆಗ್ಬೇಕು ಅನ್ನ. ಇಲ್ಲಿ ಉದುರಿದ್ರ ಬೈತಾರ್ರಿ!’

ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆಯಬೇಕು, ಅರ್ಧ ಗಂಟೆ ನೆನೆಸಬೇಕು. ಬೆಂದ ಅನ್ನವನ್ನು ಅಗಲ ಮರಿಗೆಗೆ ಸುರಿದು, ಸಕ್ಕರೆ-ಉಪ್ಪು ಕರಗಿಸಿದ ವಿನೆಗರ್ ಚಿಮುಕಿಸಿ, ಮರದ ಸಟ್ಟುಗದಿಂದ ಕೊಯ್ದಂತೆ ಕಲಸಬೇಕು. ತಿರುವಿದರೆ ಅಗುಳು ಮುರಿದು ಹಿಟ್ಟಾಗುತ್ತದೆ. ಕಲಸುತ್ತಲೇ ಗಾಳಿ ಹಾಕಬೇಕು, ಆಗ ಅನ್ನಕ್ಕೆ ಹೊಳಪು ಬರುತ್ತದೆ. ಫ್ರಿಜ್ಜಿಗೆ ಇಟ್ಟರೆ ಕೆಟ್ಟಿತು. ಮೊದಲ ತಿಂಗಳು ಮೂರು ಮರಿಗೆ ಅನ್ನ ಕಸಕ್ಕೆ ಹೋಯಿತಂತೆ. ‘ಅನ್ನ ಚೆಲ್ಲಿದ್ದು ಅವ್ವಗ ಇನ್ನೂ ಹೇಳಿಲ್ರಿ,’ ಅಂದ. ಆ ಅಡುಗೆಮನೆಯಲ್ಲಿ ಜಪಾನಿನವರು ಒಬ್ಬರೂ ಇಲ್ಲವಂತೆ. ಬ್ರೆಜಿಲಿನವರು ಇಬ್ಬರು, ಮಲೇಷ್ಯಾದವರೊಬ್ಬರು, ಇವನು.

‘ಊಟ ಅಲ್ಲೇ ಏನಪ್ಪ?’

‘ಹೌದ್ರಿ. ರೂಮಿಗೆ ಹೋಗಿ ಮತ್ತ ಸಾರು-ಅನ್ನ ಉಣ್ತೀನ್ರಿ.’ ಆ ರೂಮಿನಲ್ಲಿ ನಾಲ್ವರು. ಬಾಡಿಗೆಯ ಮಾತು ಎತ್ತಿದಾಗ ಮಾತ್ರ ಅವನ ದನಿ ತಗ್ಗಿತು. ಮೊಬೈಲ್ ನೋಡಿ, ‘ಅಕ್ಕಿ ನೆನಿಗಿಟ್ಟು ಬಂದೀನ್ರಿ’ ಅಂತ ಓಡಿದ.

ಸೊಸೆಯ ಕೈಚೀಲದಲ್ಲಿ ಎರಡು ರಾಮುನೆ. ಈ ಬಾಟಲಿಯ ಹಿಕಮತ್ತು ಹಿರಾಮ್ ಕಾಡ್ ಎಂಬ ಇಂಗ್ಲಿಷಿನವನದು, 1870ರ ದಶಕದ್ದು. ಒಳಗಿನ ಗ್ಯಾಸು ಗೋಲಿಯನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತದೆ, ಗೋಲಿಯೇ ಬಿರಡೆ. ಲೆಮನೇಡ್ ಎಂಬ ಪದವೇ ಜಪಾನಿನಲ್ಲಿ ರಾಮುನೆ ಆಯಿತು. ನಮ್ಮಲ್ಲಿ ಗೋಲಿ ಸೋಡಾ ಆಯಿತು. ನಾನು ಹುಡುಗನಾಗಿದ್ದಾಗ ನಮ್ಮ ಪೇಟೆಯ ಸೋಡಾ ಫ್ಯಾಕ್ಟರಿ ಅಂದರೆ ಒಂದು ಕೋಣೆ, ಒಂದು ಗ್ಯಾಸಿನ ಸಿಲಿಂಡರು, ಕೈಯಲ್ಲಿ ತಿರುಗಿಸುವ ಒಂದು ಯಂತ್ರ. ಬಾಟಲಿ ಆಗೊಮ್ಮೆ ಈಗೊಮ್ಮೆ ಸಿಡಿಯುತ್ತಿತ್ತು, ಸೋಡಾದವನ ಮೊಣಕೈ ತನಕ ಗಾಯದ ಗುರುತು. ಶುಂಠಿ, ಲಿಂಬೆ, ಬರೀ ಸೋಡಾ, ಅಷ್ಟೇ ರುಚಿ. ಅವನು ಹೆಬ್ಬೆರಳಿನಲ್ಲಿ ಗೋಲಿ ಒತ್ತಿದರೆ ಬೀದಿಯ ಆ ತುದಿಗೆ ಕೇಳುವ ಹಾಗೆ ಕೀಂಯ್ ಅನ್ನುತ್ತಿತ್ತು. ಕುಡಿದು ಬಾಟಲಿ ಅಲ್ಲೇ ಕೊಡಬೇಕು, ಇಲ್ಲವಾದರೆ ಹೆಸರು ಹಿಡಿದು ಕೂಗುತ್ತಿದ್ದ. ಪ್ಲಾಸ್ಟಿಕ್ ಬಾಟಲಿ ಬಂತು, ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂತು. ಐರ್ಲೆಂಡಿನಲ್ಲೂ 2024ರ ಫೆಬ್ರವರಿಯಿಂದ ಪ್ಲಾಸ್ಟಿಕ್ ಬಾಟಲಿ, ಡಬ್ಬಿ ವಾಪಸು ಕೊಟ್ಟರೆ ಇಟ್ಟ ದುಡ್ಡು ಸಿಗುತ್ತದೆ. ಗಾಜಿನದಕ್ಕೆ ಆ ಲೆಕ್ಕವಿಲ್ಲ.

ವಾಪಸು ಲುವಾಸ್‌ನಲ್ಲಿ ಸೀಟು ಸಿಕ್ಕಿದ ಮೇಲೆ ಒಂದು ಬಾಟಲಿ ತೆಗೆದೆವು. ಇದಕ್ಕೆ ಹೆಬ್ಬೆರಳು ಬೇಡ, ಪ್ಲಾಸ್ಟಿಕ್ಕಿನ ಒತ್ತುಗ ಕೊಟ್ಟಿರುತ್ತಾರೆ. ಟಪ್ ಅಂತ ಗೋಲಿ ಬಿತ್ತು, ನೊರೆ ನನ್ನ ಪ್ಯಾಂಟಿನ ಮೇಲೆ. ರುಚಿ ಅತಿ ಸಿಹಿ, ಶುಂಠಿಯ ಖಾರ ಬೇಕಿತ್ತು. ಖಾಲಿಯಾದ ಮೇಲೆ ಗೋಲಿ ತೆಗೆಯುವುದು ಹೇಗೆಂದು ಅವಳು ಕೇಳಿದಳು. ‘ಬಾಟಲಿ ಒಡೆಯದೆ ಅದು ಬರುವುದಿಲ್ಲ. ನಾನು ಒಡೆದು ನಿನ್ನ ಅಜ್ಜನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ,’ ಅಂದೆ.

ಅವಳು ಮೊಬೈಲಿನಲ್ಲಿ ಏನೋ ನೋಡಿ, ನೀಲಿ ಮುಚ್ಚಳವನ್ನು ಉಲ್ಟಾ ತಿರುಗಿಸಿದಳು. ಮುಚ್ಚಳ ಕೈಗೆ ಬಂತು. ಬಾಟಲಿ ಬೋರಲು ಮಾಡಿದಳು. ಗೋಲಿ ಅವಳ ಅಂಗೈ ತಪ್ಪಿಸಿ ನೆಲಕ್ಕೆ ಬಿದ್ದು, ರಾನೆಲಾ ನಿಲ್ದಾಣದಿಂದ ಮಿಲ್‌ಟೌನ್ ತನಕ ಸೀಟುಗಳ ಅಡಿಯಲ್ಲಿ ಮುಂದಕ್ಕೂ ಹಿಂದಕ್ಕೂ ಉರುಳುತ್ತಲೇ ಇತ್ತು. ಎದುರು ಕೂತಿದ್ದ ಅಜ್ಜಿ ಬೂಟುಕಾಲಿನಿಂದ ಅದನ್ನು ತಡೆದು ಹಿಡಿದರು.